ತಕರಾರುಕೋರ ಎಂದರೆ ಯಾರು?

ಶಾಲೆ ತೆರೆಯುವ ದಿನಗಳಲ್ಲಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳ ಮುಂದೆ ಕಾಲಿಡಲೂ ಜಾಗವಿರುವುದಿಲ್ಲ. ಮಗಳ ಪುಸ್ತಕಗಳಿಗಾಗಿ ಹೋಗಿದ್ದೆ. ಒಬ್ಬಾಕೆ ಹರಿದ ಹಾಳೆ ತೋರಿಸಿ ಬೆಲೆ ಇಳಿಸಲು ಕೇಳಿದರು, ಮತ್ತೆ ಕೇಳಿದರು, ಕೊನೆಗೆ ಕೊಳ್ಳದೆ ಹೋದರು. "ತಕರಾರುಕೋರರು!" ಎಂದು ಅಂಗಡಿಯವರು ಗೊಣಗಿದರು.

"ಹಾಗಂದ್ರೆ ಏನು ಅಮ್ಮೀ?"

"ಸುಮ್ಮಸುಮ್ಮನೆ ವಿವಾದ ಎಬ್ಬಿಸೋರು" ಎಂದೆ. ಆದರೆ ಆ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ಖಾಲಾರ ಕುರಿತು.

ನಾನಾ ತೀರಿಕೊಂಡ ಮೇಲೆ ಅವರು ಸೂರಃ ಅನ್ನಿಸಾದಲ್ಲಿ ಹೆಣ್ಣುಮಕ್ಕಳಿಗೆ ನಿಗದಿಯಾಗಿರುವ ತಮ್ಮ ಪಾಲನ್ನು ಕೇಳಿದರು. ಮೊದಲ ಸಲ ಚಹಾ ಕುಡಿಯುತ್ತಾ ಅಣ್ಣನಲ್ಲಿ. ಎರಡನೆಯ ಸಲ ಪತ್ರದಲ್ಲಿ. ಖಾತೆ ಬದಲಾವಣೆಯ ನೋಟಿಸ್ ಬಂದಾಗ ಕಚೇರಿಗೆ ಹೋಗಿ ತಕರಾರು ಅರ್ಜಿ ಕೊಟ್ಟರು. ಅಂದಿನಿಂದ ನೆಂಟರ ಬಾಯಲ್ಲಿ ಅವರು 'ತಕರಾರಿನವಳು'.

ತಕರಾರು ಅರಬಿಯ 'ತಕ್ರಾರ್'. ಅದರ ಮೂಲಾರ್ಥ ಜಗಳವಲ್ಲ, ಪುನರಾವರ್ತನೆ. ಮದ್ರಸಾಗಳಲ್ಲಿ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಅದನ್ನೇ ಮತ್ತೆ ಹೇಳಿಕೊಳ್ಳುವುದಕ್ಕೆ ಇಂದಿಗೂ ತಕ್ರಾರ್ ಎನ್ನುತ್ತಾರೆ. ಹೇಳಿದ್ದನ್ನೇ ಹೇಳುವುದು ವಾದವಾಯಿತು, ವಾದ ಜಗಳವಾಯಿತು. ಅರ್ಜಿ, ವಕೀಲ, ತಹಶೀಲ್ದಾರರ ಜೊತೆ ಕಚೇರಿಯ ಮಾತಾಗಿ ಕನ್ನಡಕ್ಕೂ ಬಂತು. ಮೊದಲ ಸಲವೇ ಕಿವಿಗೊಟ್ಟಿದ್ದರೆ ಖಾಲಾ ಎರಡನೆಯ ಸಲ ಯಾಕೆ ಹೇಳುತ್ತಿದ್ದರು?

'ಕೋರ'ದ ಕಥೆ ಬೇರೆ. ಅದು ಪಾರ್ಸಿಯ 'ಖೋರ್', ಅಂದರೆ ತಿನ್ನುವವನು. ಲಂಚಕೋರ ಲಂಚ ತಿನ್ನುತ್ತಾನೆ (ಇದನ್ನಂತೂ ನಾವು ಕನ್ನಡದಲ್ಲೂ ಹಾಗೆಯೇ ಹೇಳುತ್ತೇವೆ). ಚಾಡಿಕೋರನಿಗೆ ಚಾಡಿಯೇ ಊಟ. ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಸೂರಃ ಅಲ್‌ಹುಜುರಾತ್ ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ. 'ಕೋರ' ಎಂದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಹಾಗಾದರೆ ತಕರಾರುಕೋರನೆಂದರೆ ಜಗಳವನ್ನೇ ಉಣ್ಣುವವನು. ಜಗಳ ತೀರಿದರೆ ಅವನಿಗೆ ಉಪವಾಸ.

ಖಾಲಾರಿಗೆ ಬೇಕಿದ್ದುದು ಅದು ತೀರುವುದೇ. ನಾಲ್ಕು ವರ್ಷಗಳ ನಂತರ ಪಾಲು ಕೈಗೆ ಬಂದ ದಿನವೇ ಅರ್ಜಿಯ ಮಾತು ನಿಲ್ಲಿಸಿದರು. ಮುಂದಿನ ಈದ್‌ಗೆ ಅಣ್ಣನ ಮನೆಗೆ ಶೀರ್‌ಖುರ್ಮಾ ಕಳುಹಿಸಿದರು. ಆ ನಾಲ್ಕು ವರ್ಷವೂ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಉಪ್ಪುಖಾರ ಹಚ್ಚಿ ಮುಟ್ಟಿಸಿದ ಹಿರಿಯರೊಬ್ಬರಿದ್ದರು. ಎರಡೂ ಮನೆಗಳಲ್ಲಿ ಅವರಿಗೆ ಚಹಾ, ಬಿಸ್ಕತ್ತು ತಪ್ಪಲಿಲ್ಲ. ಇಂದಿಗೂ ನಮ್ಮ ಕುಟುಂಬದ ನಿಕಾಹ್‌ಗಳಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರನ್ನು ಯಾರೂ ತಕರಾರುಕೋರ ಎಂದದ್ದು ನಾನು ಕೇಳಿಲ್ಲ.