ಹೊಕ್ಕುಳಬಳ್ಳಿಯ ರಕ್ತಕ್ಕೆ 21 ದಿನದ ಆರೈಕೆ

ಕೆ.ಆರ್.ಪೇಟೆಯ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಸಂತೆಬಾಚಹಳ್ಳಿಯಿಂದ ನಡುರಾತ್ರಿ ಬಂದ ಹೆಣ್ಣುಮಗಳಿಗೆ ಈಗಷ್ಟೇ ಹೆರಿಗೆಯಾಗಿದೆ. ನರ್ಸಮ್ಮ ಒಂದೆರಡು ನಿಮಿಷ ತಾಳಿ ಬಳ್ಳಿಗೆ ಕ್ಲಾಂಪ್ ಹಾಕುತ್ತಾರೆ, ಕತ್ತರಿಸುತ್ತಾರೆ. ಮಾಸು ಬಿದ್ದಮೇಲೆ ಪೂರ್ತಿ ಬಂದಿದೆಯೇ ಎಂದು ಮಗುಚಿ ನೋಡಿ ಹಳದಿ ಚೀಲಕ್ಕೆ ಹಾಕುತ್ತಾರೆ. ಕತ್ತರಿಸಿದ ತುದಿಯಿಂದ ಕಡುಗೆಂಪು ರಕ್ತ ಇನ್ನೂ ತೊಟ್ಟಿಕ್ಕುತ್ತಿದೆ.

ಆ ರಕ್ತ ಹೆಚ್ಚೆಂದರೆ ಒಂದು ಲೋಟದಷ್ಟು. ಆದರೆ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರನ್ನೂ ಹುಟ್ಟಿಸಬಲ್ಲ ಕಾಂಡಕೋಶಗಳು ಅದರಲ್ಲಿವೆ. 1988ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಫ್ಯಾಂಕೋನಿ ರಕ್ತಹೀನತೆಯ ಹುಡುಗನಿಗೆ ಅವನ ತಂಗಿಯ ಬಳ್ಳಿರಕ್ತ ಕೊಟ್ಟು ಉಳಿಸಿದರು. ತೊಡಕಿರುವುದು ಅಳತೆಯಲ್ಲಿ. ಕಸಿಗೆ ರೋಗಿಯ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 2.5 ಕೋಟಿ ಕೋಶ ಬೇಕು. ಮಗುವಿಗೆ ಸಾಕಾಗುವ ಒಂದು ಚೀಲ ದೊಡ್ಡವರಿಗೆ ಅನೇಕ ಸಲ ಸಾಲದು.

ಹಾಗಾದರೆ ಬೆಳೆಸಬಹುದೇ? ಪ್ರಯೋಗಾಲಯಕ್ಕೆ ಬನ್ನಿ. ಗೌನು, ಟೋಪಿ, ಮಾಸ್ಕು ಹಾಕದೆ ಒಳಗೆ ಬಿಡುವುದಿಲ್ಲ. ದಾನಿಯೊಬ್ಬರ ಬಳ್ಳಿರಕ್ತದ ಚೀಲ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಹೊಗೆಯಾಡುತ್ತ ಮೇಲೆ ಬರುತ್ತದೆ. ಕರಗಿದ ಮೇಲೆ ಅಯಸ್ಕಾಂತದ ಸೂಕ್ಷ್ಮ ಮಣಿಗಳು ಕಾಂಡಕೋಶಗಳನ್ನು ಹಿಡಿದು ನಿಲ್ಲಿಸುತ್ತವೆ, ಉಳಿದವು ಹರಿದು ಬೇರೆಯಾಗುತ್ತವೆ. ಹಿಡಿದವನ್ನು ಪೋಷಕ ದ್ರವಕ್ಕೆ ಬಿಟ್ಟು 37 ಡಿಗ್ರಿಯ ಇನ್‌ಕ್ಯುಬೇಟರಿಗೆ ಸೇರಿಸುತ್ತಾರೆ. ಸುಮ್ಮನೆ ಬೆಳೆಯಬಿಟ್ಟರೆ ಅವು ಬಲಿತು, ಬಿತ್ತನೆ ಭತ್ತವೆಲ್ಲ ಚೀಲದಲ್ಲೇ ಮೊಳೆತ ಹಾಗಾಗುತ್ತದೆ. ಬಿ3 ಜೀವಸತ್ವದ ಒಂದು ರೂಪವಾದ ನಿಕೋಟಿನಮೈಡ್ ಆ ಬಲಿಯುವಿಕೆಗೆ ಕಡಿವಾಣ ಹಾಕುತ್ತದೆ. ಕೋಶಗಳು ಹೆಚ್ಚುತ್ತವೆ, ಗುಣ ಉಳಿಯುತ್ತದೆ. ಹೀಗೆ 21 ದಿನ.

125 ರೋಗಿಗಳ ಪರೀಕ್ಷೆಯಲ್ಲಿ, ಬೆಳೆಸದ ರಕ್ತ ಪಡೆದವರಲ್ಲಿ ಕಸಿಯ ನಂತರ ಸೋಂಕು ತಡೆಯುವ ಬಿಳಿ ಕಣಗಳು ಮರಳಲು 22 ದಿನ ಹಿಡಿದರೆ, ಬೆಳೆಸಿದ್ದನ್ನು ಪಡೆದವರಲ್ಲಿ 12 ದಿನ ಸಾಕಾಯಿತು. 2023ರ ಏಪ್ರಿಲ್‌ನಲ್ಲಿ ಅಮೆರಿಕ ಇದನ್ನು ‘ಓಮಿಸರ್ಜ್’ ಹೆಸರಿನಲ್ಲಿ ರಕ್ತದ ಕ್ಯಾನ್ಸರ್ ರೋಗಿಗಳಿಗೆ ಒಪ್ಪಿತು.

ಇದನ್ನೇ ತೋರಿಸಿ, ಮಗುವಿನ ಬಳ್ಳಿರಕ್ತವನ್ನು ಆ ಮಗುವಿಗೇ ಕಾದಿಡುತ್ತೇವೆಂದು ದುಡ್ಡು ಕೇಳುವವರು ಬಸುರಿಯರ ಮನೆಗೆ ಬರಬಹುದು. ಥಲಸ್ಸೀಮಿಯಾದಂಥ ಹುಟ್ಟುಕಾಯಿಲೆಯಾದರೆ ಮಗುವಿನ ಸ್ವಂತ ರಕ್ತದಲ್ಲೂ ಅದೇ ದೋಷವಿರುತ್ತದೆ. ಹಾಗೆ ಕಾದಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಹೇಳಿದೆ. ಮನೆಯಲ್ಲಿ ಕಸಿ ಬೇಕಾದ ಅಣ್ಣನೋ ಅಕ್ಕನೋ ಇದ್ದರೆ ಮಾತ್ರ ವೈದ್ಯರನ್ನು ಕೇಳಿ. ಇಲ್ಲವಾದರೆ ಆ ದುಡ್ಡನ್ನು ಬಾಣಂತಿಯ ಆರೈಕೆಗೆ ಖರ್ಚು ಮಾಡಿ.