ಬಂಟ್ವಾಳದಲ್ಲಿ ಕಂಠವೇ ಬಂಡವಾಳ!

ತಾರೆಯರ ಬಂಗಲೆ, ಹೊರಾಂಗಣ ಚಿತ್ರೀಕರಣ, ಮುಹೂರ್ತದ ತೆಂಗಿನಕಾಯಿ... ಇವನ್ನೆಲ್ಲ ಈ ಪುಟಗಳಲ್ಲಿ ಬೇಕಾದಷ್ಟು ನೋಡಿದ್ದೀರಿ. ಈ ವಾರ ತಾರೆಯೂ ಇಲ್ಲ, ತೆಂಗಿನಕಾಯಿಯೂ ಇಲ್ಲ! ಇರುವುದು ಒಂದು ಮೈಕು, ಒಂದು ಹೆಡ್‌ಫೋನು, ಮತ್ತೆ ದಕ್ಷಿಣ ಕನ್ನಡದ ಮೂರು ಊರು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ.

ಈ ಊರುಗಳೇ ಯಾಕೆ ಅಂತೀರಾ? ಇದು ಮಾತಿನ ಸೀಮೆ ಕಣ್ರೀ! ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲ ಪೂರ್ತಿ ತಾಳಮದ್ದಲೆ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ-ಶಾಲಿನಲ್ಲಿ ಕೂತ ಅರ್ಥಧಾರಿ ಬರೀ ಮಾತಿನಲ್ಲೇ ಕರ್ಣನನ್ನೂ ಕೌರವನನ್ನೂ ಎದುರಿಗೆ ತಂದು ನಿಲ್ಲಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ತೀರಿಕೊಂಡದ್ದು 2006ರಲ್ಲಿ. ಅವರ ಅರ್ಥಗಾರಿಕೆಯ ಧ್ವನಿಮುದ್ರಣಗಳನ್ನು ಜನ ಇವತ್ತಿಗೂ ಕೇಳ್ತಾರೆ. ಮುಖ ಕಾಣದಿದ್ದರೂ ಪಾತ್ರ ಕಾಣುತ್ತದೆ!

ಇಂಥ ಕಂಠಗಳಿಗೆ ಈಗ ಸಿನಿಮಾದಲ್ಲೂ ಕೆಲಸವಿದೆ. ಬೇರೆ ಭಾಷೆಯ ಚಿತ್ರಗಳು ಕನ್ನಡದಲ್ಲಿ ಮಾತಾಡಬಾರದೆಂಬ ತಡೆ ನಮ್ಮ ಚಿತ್ರರಂಗದಲ್ಲಿ ದಶಕಗಳ ಕಾಲ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ಸಲ್ಲದು ಎಂದಿತು. 2017ರಲ್ಲಿ ತಮಿಳಿನ ‘ಎನ್ನೈ ಅರಿಂದಾಲ್’ ಚಿತ್ರ ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡ ಮಾತಾಡಿಕೊಂಡು ಬಂತು. ಡಬ್ಬಿಂಗ್ ಸರಿಯೋ ತಪ್ಪೋ, ಆ ಜಗಳ ಬೇರೆ. ಕಂಠದಾನಕ್ಕೆ ಬೇಡಿಕೆ ಹೆಚ್ಚಿದ್ದಂತೂ ನಿಜ. ಒಂದು ಕಾಲಕ್ಕೆ ಕನ್ನಡ ಚಿತ್ರದ ದನಿ ಹಿಡಿಯಲು ಮದ್ರಾಸಿಗೆ ಓಡಬೇಕಿತ್ತು. ಆ ತಾಪತ್ರಯ ತಪ್ಪಿಸಲೆಂದೇ ಶಂಕರ್‌ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೋ ಕಟ್ಟಿದರು. ಈಗ “ಮನೆಯಲ್ಲೇ ಮಾತಾಡಿ ಒಂದು ಸ್ಯಾಂಪಲ್ ಕಳಿಸಿ” ಅಂದರೆ ಮುಗಿಯಿತು.

ತೊಂದರೆ ಇರುವುದು ಅಲ್ಲೇ! ಸ್ಯಾಂಪಲ್ ಕೇಳುವವನ ಕಿವಿಗೆ ಮೊದಲು ಬೀಳುವುದು ನಿಮ್ಮ ಕಂಠವಲ್ಲ, ನಿಮ್ಮ ಫ್ಯಾನು. ಹತ್ತು ಸೆಕೆಂಡಿನಲ್ಲಿ ಆತ ಮುಂದಿನವನ ದನಿಗೆ ಹೋಗಿರುತ್ತಾನೆ.

ಬಿ.ಸಿ.ರೋಡಿನ ಹಾರನ್ನು

ಮಂಗಳೂರಿನಿಂದ ಬಸ್ಸು ಹತ್ತಿ ಬಿ.ಸಿ.ರೋಡಿನಲ್ಲಿ ಇಳಿಯಿರಿ. ಬಂಟ್ವಾಳ ಕ್ರಾಸ್ ರೋಡ್ ಅನ್ನೋದೇ ಬಿ.ಸಿ.ರೋಡ್. ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ರೈಲ್ವೆ ಹಳಿ, ನಡುವೆ ಬೆಂಗಳೂರಿನ ಹೆದ್ದಾರಿ. ಖಾಸಗಿ ಬಸ್ಸುಗಳ ಹಾರನ್ನಿಗೆ ಮಧ್ಯಾಹ್ನದ ನಿದ್ದೆಯೂ ಎದ್ದು ಓಡುತ್ತದೆ!

ಇಲ್ಲಿ ಮನೆ ಇರುವವರು ಬೇಕಾದ್ದು ‘ಕಾರ್ಡಿಯಾಯ್ಡ್’ ಮೈಕು. ಮುಂದಿನ ದನಿ ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ಬಹುಮಟ್ಟಿಗೆ ಬಿಡುತ್ತದೆ. ಮೈಕಿನ ಬೆನ್ನು ರಸ್ತೆಯ ಕಿಟಕಿಗೆ ಇರಲಿ, ನೀವು ಅದರ ಎದುರು ಕೂರಿ, ನಿಮ್ಮ ಬೆನ್ನ ಹಿಂದೆ ಒಂದು ದಪ್ಪ ಕಂಬಳಿ ತೂಗುಹಾಕಿ.

ಎರಡನೆಯದು ಅಂತರ. ಎರಡು ಅಡಿ ದೂರದ ಮೈಕನ್ನು ಅರ್ಧ ಅಡಿಗೆ ತಂದರೆ ನಿಮ್ಮ ದನಿ ಅದಕ್ಕೆ ನಾಲ್ಕು ಪಟ್ಟು ಬಲವಾಗಿ ತಲುಪುತ್ತದೆ. ಲೆಕ್ಕದಲ್ಲಿ 12 ಡೆಸಿಬೆಲ್. ಹಾರನ್ನು ಮಾತ್ರ ಇದ್ದಷ್ಟೇ ಇರುತ್ತದೆ. ಕಾಸು ಖರ್ಚಿಲ್ಲದ ಔಷಧಿ! ‘ಪ’, ‘ಬ’ ಅಕ್ಷರಗಳ ಗಾಳಿ ಬಡಿಯದಂತೆ ಬಾಯಿ ಸ್ವಲ್ಪ ಓರೆಯಾಗಿರಲಿ.

ಬೆಳ್ತಂಗಡಿಯ ಮಳೆ

ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಬಂದರೆ ದೂರದಲ್ಲಿ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿ ಜಮಾಲಾಬಾದ್ ಎಂದ. ಆಟಿಯಲ್ಲಿ ಹೋದರೆ ಕಲ್ಲೂ ಕಾಣಲ್ಲ, ಕೋಟೆಯೂ ಕಾಣಲ್ಲ, ಬರೀ ಮಳೆ! ಹಂಚಿನ ಮಾಡಿನ ಮೇಲೆ ಒಂದು ತರ, ತಗಡಿನ ಮೇಲೆ ಇನ್ನೊಂದು ತರ. ಮಳೆ ನಿಂತರೆ ಕಪ್ಪೆ, ಜೀರುಂಡೆ.

ಇಂಥ ಕಡೆ ಹೊಳೆಯುವ ದೊಡ್ಡ ಕಂಡೆನ್ಸರ್ ಮೈಕು ನೋಡಿ ಮರುಳಾಗಬೇಡಿ. ಅದರ ಕಿವಿ ಬಲು ಚುರುಕು. ನಿಮ್ಮ ಉಸಿರಿನ ಜೊತೆ ಪಕ್ಕದ ಮನೆಯ ಕೋಳಿಯನ್ನೂ ಹಿಡಿಯುತ್ತದೆ. ಕೆಲವಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು, ಅದಕ್ಕೆ ಇನ್ನೊಂದು ಪೆಟ್ಟಿಗೆ ಕೊಳ್ಳಬೇಕು. ತೇವ ತಾಗಿದರೆ ಚರಪರ ಸದ್ದು ಬೇರೆ. ಡೈನಮಿಕ್ ಮೈಕು ಒರಟು ಆಸಾಮಿ. ಬಾಯಿಗೆ ಹತ್ತಿರ ಹಿಡಿದು ಮಾತಾಡಲೆಂದೇ ಮಾಡಿದ್ದು. ಕಡಿಮೆ ದರ್ಜೆಯದು ಅಂದುಕೊಂಡಿರಾ? 1982ರ ‘ಥ್ರಿಲ್ಲರ್’ ಆಲ್ಬಮ್ಮಿಗೆ ಮೈಕೆಲ್ ಜಾಕ್ಸನ್ ಹಾಡಿದ್ದು ಹೆಚ್ಚಾಗಿ ಶೂರ್ ಕಂಪನಿಯ ಎಸ್‌ಎಂ7 ಎಂಬ ಡೈನಮಿಕ್ ಮೈಕಿನ ಮುಂದೆ! ನಮಗೆ ಅಷ್ಟು ದುಬಾರಿಯದು ಬೇಡ. ಕಂಪ್ಯೂಟರಿಗೆ ನೇರ ಸಿಕ್ಕಿಸುವ ಯುಎಸ್‌ಬಿ ಡೈನಮಿಕ್ ಮೈಕುಗಳು ಮೂರರಿಂದ ಐದು ಸಾವಿರ ರೂಪಾಯಿಗೆ ಸಿಗುತ್ತವೆ.

ಅಷ್ಟೂ ಇಲ್ಲವೇ? ಸಾವಿರದ ಆಸುಪಾಸಿನ ಕಾಲರ್ ಮೈಕಿದೆ. ಬೋಯಾ ಬಿವೈ-ಎಂ1 ಅಂಥದ್ದು. 6 ಮೀಟರ್ ತಂತಿ, ಒಂದು ಪುಟ್ಟ ಬ್ಯಾಟರಿ, ಮೊಬೈಲಿಗೆ ಸಿಕ್ಕಿಸಿದರೆ ಆಯಿತು, ಫೋನಿನಲ್ಲಿ 3.5 ಮಿ.ಮೀ. ತೂತು ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಿ. ಇದು ಸುತ್ತಲಿನ ಸದ್ದನ್ನೆಲ್ಲ ಹಿಡಿಯುವ ಜಾತಿ. ಹಾಗಾಗಿ ಮಳೆ ಬಿಟ್ಟ ಹೊತ್ತು ನೋಡಿ, ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ ಮಾತಾಡಿ. ಯಾವ ಮೈಕಾದರೂ ಕೆಲಸ ಮುಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ.

ಮೂಡುಬಿದಿರೆಯ ಗೋಡೆ

ಗುರುವಾಯನಕೆರೆಗೆ ಹಿಂದಿರುಗಿ ವೇಣೂರಿನ ಹಾದಿ ಹಿಡಿಯಿರಿ. 1604ರ ಗೊಮ್ಮಟನಿಗೆ ಕೈಮುಗಿದು ಮುಂದೆ ಹೋದರೆ ಮೂಡುಬಿದಿರೆ. ಹದಿನೆಂಟು ಬಸದಿಗಳ ಊರು, ‘ಭರತೇಶ ವೈಭವ’ ಬರೆದ ರತ್ನಾಕರವರ್ಣಿಯ ಊರು. 1430ರ ಸಾವಿರ ಕಂಬದ ಬಸದಿಯನ್ನು ನೋಡದೆ ಬರಬೇಡಿ. ಈಗ ಇದು ವಿದ್ಯಾರ್ಥಿಗಳ ಊರೂ ಹೌದು. ಸಿಮೆಂಟಿನ ಗೋಡೆ, ಟೈಲ್ಸಿನ ನೆಲ, ಒಂದು ಮಂಚ: ಬಾಡಿಗೆ ರೂಮು ಅಂದರೆ ಇಷ್ಟೇ ತಾನೇ? ಚಪ್ಪಾಳೆ ತಟ್ಟಿ ನೋಡಿ, ಗೋಡೆ ತಿರುಗಿ ತಟ್ಟುತ್ತದೆ! ಆ ಮಾರ್ದನಿ ದನಿಯಲ್ಲಿ ಒಮ್ಮೆ ಸೇರಿತೆಂದರೆ ತೆಗೆಯುವುದು ಬಲು ಕಷ್ಟ. ಹಾಸಿಗೆಯನ್ನು ಗೋಡೆಗೆ ಒರಗಿಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ. ಸ್ಟುಡಿಯೋ ಸಿದ್ಧ.

ಇದೆಲ್ಲ ನಿಮಗೆ ಗೊತ್ತಾಗಬೇಕಾದರೆ ಹೆಡ್‌ಫೋನು ಬೇಕು. ಕಿವಿ ಪೂರ್ತಿ ಮುಚ್ಚುವ, ತಂತಿಯಿರುವ ಹೆಡ್‌ಫೋನನ್ನೇ ಕೊಳ್ಳಿ. ಬೆನ್ನು ತೆರೆದಿರುವ ಜಾತಿಯದಾದರೆ ಅದರ ಸದ್ದು ಸೋರಿ ಮೈಕಿಗೇ ಸೇರುತ್ತದೆ. ‘ಎಕ್ಸ್‌ಟ್ರಾ ಬಾಸ್’ ಬೇಡ. ಅದರಲ್ಲಿ ಕೇಳಿದರೆ ಕೀರಲು ಕಂಠವೂ ಖಳನಾಯಕನ ಕಂಠ! ಬ್ಲೂಟೂತ್ ಅಂತೂ ಡಬ್ಬಿಂಗ್‌ಗೆ ಬೇಡವೇ ಬೇಡ. ಸಿನಿಮಾ ಸೆಕೆಂಡಿಗೆ 24 ಚಿತ್ರ ಓಡುತ್ತದೆ, ಅಂದರೆ ಒಂದು ಚಿತ್ರಕ್ಕೆ ಸುಮಾರು 42 ಮಿಲಿಸೆಕೆಂಡು. ಬ್ಲೂಟೂತ್ ದನಿ 150-200 ಮಿಲಿಸೆಕೆಂಡು ತಡವಾದರೆ ತುಟಿಗೂ ಮಾತಿಗೂ ನಾಲ್ಕೈದು ಚಿತ್ರಗಳ ಅಂತರ. ನಾಯಕ ಬಾಯಿ ಮುಚ್ಚಿದ ಮೇಲೆ ನೀವು “ಐ ಲವ್ ಯೂ” ಅಂದರೆ ಹೇಗಿದ್ದೀತು!

ದನಿ ಹಿಡಿಯಲು ಅಡಾಸಿಟಿಯಂಥ ಪುಕ್ಕಟೆ ಸಾಫ್ಟ್‌ವೇರ್ ಸಾಕು. ಸಿನಿಮಾಕ್ಕೆ 48,000 ಹರ್ಟ್ಸ್, ವೇವ್ ಫೈಲು. ಮಾತಿನ ಏರು ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6ರ ನಡುವೆ ಇರಲಿ. ವಾಟ್ಸಪ್ಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ವಾಯ್ಸ್ ಮೆಸೇಜ್ ಆದರೆ ದನಿ ಹಿಂಡಿ ಹಿಪ್ಪೆಯಾಗುತ್ತದೆ.

ಕೊನೆಯ ಮಾತು. “ನಮ್ಮದು ಮಂಗಳೂರು ಕನ್ನಡ ಮಾರಾಯ್ರೇ, ಗಾಂಧಿನಗರದಲ್ಲಿ ನಗ್ತಾರೆ” ಎಂಬ ಅಳುಕು ಇಲ್ಲಿನ ಎಷ್ಟೋ ಹುಡುಗರಿಗಿದೆ. 2014ರ ‘ಉಳಿದವರು ಕಂಡಂತೆ’, 2022ರ ‘ಕಾಂತಾರ’ ಕರಾವಳಿಯ ಮಾತನ್ನೇ ಬೆಳ್ಳಿತೆರೆಗೆ ತಂದವು. ನಕ್ಕವರು ಯಾರು? ಟಿಕೆಟ್ ಕೊಂಡು ನೋಡಿದರು! ಹಾಗಾಗಿ ಊರಿನ ಮಾತನ್ನು ತೊಳೆದು ತೆಗೆಯಲು ಹೋಗಬೇಡಿ, ರೂಮಿನ ಗಲಾಟೆಯನ್ನು ತೆಗೆಯಿರಿ. ಕೈಯಲ್ಲಿ ಐದು ಸಾವಿರ ಇದ್ದರೆ ಮೂರು ಸಾವಿರ ಮೈಕಿಗೆ, ಒಂದೂವರೆ ಹೆಡ್‌ಫೋನಿಗೆ, ಉಳಿದದ್ದು ಸ್ಟ್ಯಾಂಡಿಗೆ. ಕಂಬಳಿ ಹೇಗೂ ಮನೆಯಲ್ಲೇ ಇದೆ. ಫ್ಯಾನ್ ಆರಿಸಿ, ಮಾತಾಡಿ!