‘ಇಲ್ಲ’ ಕೊನೆಗೆ ಬರುವ ಭಾಷೆಗಳು

ಕನ್ನಡದಲ್ಲಿ ‘ಇಲ್ಲ’ ಎಂಬುದು ವಾಕ್ಯದ ಕೊನೆಗೆ ಬರುತ್ತದೆ. ಮಲಯಾಳದಲ್ಲಿಯೂ ಹಾಗೆಯೇ. ಇಂಗ್ಲಿಷಿನವರು ‘ನಾಟ್’ ಎಂದು ನಡುವಿನಲ್ಲೇ ಹೇಳಿಬಿಡುತ್ತಾರೆ. ನಾವು ಕೇಳುವವರನ್ನು ಕೊನೆಯ ಅಕ್ಷರದವರೆಗೂ ಕಾಯಿಸುತ್ತೇವೆ. ಎರಡು ಭಾಷೆಗಳನ್ನೂ ಒಂದೇ ಅಂಗಳದಲ್ಲಿ ಆಡುತ್ತ ಬೆಳೆದ ಕಾಸರಗೋಡಿನ ನಮಗೆ ಇದೊಂದು ವಿಶೇಷವೆಂದು ತೋರಿದ್ದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತುಕೊಳ್ಳುವ ನನಗೆ ಅದು ದೊಡ್ಡ ಸಂಗತಿಯಾಗಿ ಕಂಡದ್ದು ಮೊಬೈಲು ಎಲ್ಲರ ಕೈಗೆ ಬಂದ ಮೇಲೆ.

ಪಿಂಚಣಿಗೆ ಬರುವ ಅಜ್ಜನೊಬ್ಬರು ಒಂದು ದಿನ ಫೋನನ್ನು ನನ್ನ ಮುಂದೆ ಹಿಡಿದರು. “ಇದು ಹೋಯಿತೋ ಹೋಗಲಿಲ್ಲವೋ, ಸ್ವಲ್ಪ ನೋಡಿ ಮಾರಾಯ್ರೆ.” ಮಗ ಹಾಕಿಕೊಟ್ಟ ಯಾವುದೋ ಆ್ಯಪು. ಅದರಲ್ಲಿ ‘ನಿಮ್ಮ ಹಣ ಪಾವತಿಯಾಗಿ’ ಎಂದಿತ್ತು. ಮುಂದೆ ಮೂರು ಚುಕ್ಕೆ. ‘ಪಾವತಿಯಾಗಿದೆ’ಯೋ, ‘ಪಾವತಿಯಾಗಿಲ್ಲ’ವೋ? ಹೇಳಬೇಕಾದ ಅಕ್ಷರಗಳನ್ನೇ ಪರದೆ ಕತ್ತರಿಸಿತ್ತು. ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿದಾಗ ಹಣ ಹೋಗಿಲ್ಲವೆಂದು ತಿಳಿಯಿತು. ಅಜ್ಜ ಕೇಳಿದರು: “ಹಾಗಾದರೆ ಇದರಲ್ಲಿ ಕನ್ನಡ ಇಟ್ಟುಕೊಂಡು ಏನು ಪ್ರಯೋಜನ?”

ಆ ಮಾತು ನನ್ನನ್ನು ಚುಚ್ಚಿತು. ಗಡಿನಾಡಿನಲ್ಲಿ ಕನ್ನಡ ಬಿಟ್ಟುಹೋಗುವುದು ಯಾವುದೋ ಆಜ್ಞೆಯಿಂದ ಮಾತ್ರವಲ್ಲ. ಇಂಥ ಸಣ್ಣ ಬೇಸರಗಳಿಂದಲೂ ಹೌದು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಆ್ಯಪುಗಳ ಪರದೆಗಳನ್ನು ವಿನ್ಯಾಸ ಮಾಡುವ ಕೆಲಸದಲ್ಲಿದ್ದಾಳೆ. ಓಣಂ ರಜೆಗೆ ಬಂದಾಗ ಅವಳಲ್ಲಿ ಇದನ್ನು ಹೇಳಿದೆ. “ಅದು ಭಾಷೆಯ ತಪ್ಪಲ್ಲ ಮಾವ, ಪೆಟ್ಟಿಗೆಯ ತಪ್ಪು” ಎಂದಳು. ಇಂಗ್ಲಿಷಿನ ಅಳತೆಗೆ ಪೆಟ್ಟಿಗೆ ಕೊರೆದು, ಆಮೇಲೆ ಕನ್ನಡವನ್ನು ಅದರೊಳಗೆ ತುರುಕಿದರೆ ಆಗುವುದು ಹೀಗೆಯೇ ಎಂದು ತನ್ನ ಲ್ಯಾಪ್‌ಟಾಪನ್ನು ತೆರೆದಳು.

ಅವಳು ಬಳಸುವುದು ಫಿಗ್ಮಾ ಎಂಬ ತಂತ್ರಾಂಶ. 2012ರಲ್ಲಿ ಅಮೆರಿಕದ ಡೈಲನ್ ಫೀಲ್ಡ್ ಮತ್ತು ಇವಾನ್ ವಾಲೇಸ್ ಅದರ ಕೆಲಸ ಆರಂಭಿಸಿದರು. 2016ರಲ್ಲಿ ಅದು ಎಲ್ಲರಿಗೂ ತೆರೆಯಿತು. ಬ್ರೌಸರಿನಲ್ಲೇ ನಡೆಯುತ್ತದೆ. ಮನೆ ಕಟ್ಟುವ ಮೊದಲು ನಕ್ಷೆ ಬರೆಯುವಂತೆ ಆ್ಯಪು ಕಟ್ಟುವ ಮೊದಲು ಇಲ್ಲಿ ಪರದೆಗಳನ್ನು ಬರೆಯುತ್ತಾರೆ. ನಕ್ಷೆಯಲ್ಲಿ ಬಾಗಿಲು ಕಿರಿದಾದರೆ ಕಟ್ಟಿದ ಮನೆಯಲ್ಲಿಯೂ ಕಿರಿದೇ.

ಅವಳು ಮೊದಲು ತೋರಿಸಿದ್ದು 2019ರಲ್ಲಿ ಸೇರಿಸಿದ ಆಟೋ ಲೇಔಟ್. ಬಟನ್ನಿನ ಅಗಲವನ್ನು ನಾವು ಗೆರೆ ಎಳೆದು ನಿಗದಿ ಮಾಡುವ ಬದಲು, ‘ಹಗ್ ಕಂಟೆಂಟ್ಸ್’ ಎಂದು ಆರಿಸಿದರೆ ಒಳಗಿನ ಪದ ಉದ್ದವಾದಂತೆ ಬಟನ್ನೂ ಹಿಗ್ಗುತ್ತದೆ. ಇಂಗ್ಲಿಷಿನ ‘ಕ್ಯಾನ್ಸಲ್’ ಕನ್ನಡದಲ್ಲಿ ‘ರದ್ದುಮಾಡಿ’, ಮಲಯಾಳದಲ್ಲಿ ‘ರದ್ದಾಕ್ಕುಕ’. ‘ವಿತ್‌ಡ್ರಾ’ ಎಂಬ ಒಂದೇ ಪದ ನಮ್ಮಲ್ಲಿ ‘ಹಣ ಹಿಂಪಡೆಯಿರಿ’, ಅವರಲ್ಲಿ ‘ಪಣಂ ಪಿನ್‌ವಲಿಕ್ಕುಕ’. ಜಾಗ ಸಾಲದಾದಾಗ ಬಟನ್ನುಗಳು ಮುಂದಿನ ಸಾಲಿಗೆ ಇಳಿಯುವ ಅನುಕೂಲವೂ, ಕನಿಷ್ಠ ಗರಿಷ್ಠ ಅಗಲವನ್ನು ಗೊತ್ತುಮಾಡುವ ಅನುಕೂಲವೂ 2023ರಲ್ಲಿ ಬಂದವು.

ಎರಡನೆಯದು ಎತ್ತರದ ಮಾತು. ಇಂಗ್ಲಿಷಿಗೆ ಒತ್ತಕ್ಷರವಿಲ್ಲ. ‘ರಾಷ್ಟ್ರೀಯ’ ಎಂದು ಬರೆದರೆ ಒಂದರ ಪಕ್ಕ ಇನ್ನೊಂದು ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಕೆಳಗಿನ ಸಾಲಿನ ಗುಡಿಸು ಅದಕ್ಕೆ ತಾಗುತ್ತದೆ. ಆದ್ದರಿಂದ ಅಕ್ಷರದ ಅಳತೆ 16 ಇದ್ದರೆ ಸಾಲಿನ ಎತ್ತರ ಕನಿಷ್ಠ 24 ಇರಲಿ ಎನ್ನುತ್ತಾಳೆ ಅವಳು, ಅಂದರೆ ಒಂದೂವರೆ ಪಟ್ಟು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಅಕ್ಷರಗಳು ಉಚಿತವಾಗಿ ಸಿಗುತ್ತವೆ. ಯಾವುದನ್ನು ಆರಿಸಿದರೂ ‘ಸ್ತ್ರೀ’, ‘ವಸ್ತ್ರ’, ‘ಸ್ವಾತಂತ್ರ್ಯ’ ಎಂಬಂಥ ಪದಗಳನ್ನು ಮೊದಲು ಬರೆದು ನೋಡಬೇಕು. ‘ಮನೆ’, ‘ಮರ’ ಬರೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ನನಗೆ ಬಹಳ ಇಷ್ಟವಾದದ್ದು 2023ರಲ್ಲಿ ಬಂದ ವೇರಿಯಬಲ್ಸ್. ಪರದೆಯ ಪ್ರತಿ ಮಾತಿಗೂ ಒಂದು ಹೆಸರಿಟ್ಟು, ನಮ್ಮ ಲೆಡ್ಜರಿನ ಕಾಲಮ್ಮುಗಳಂತೆ ಅದರ ಮುಂದೆ ಇಂಗ್ಲಿಷು, ಕನ್ನಡ, ಮಲಯಾಳ ಎಂದು ಬರೆದಿಡಬಹುದು. ಈ ಕಾಲಮ್ಮಿಗೆ ಮೋಡ್ ಎನ್ನುತ್ತಾರೆ. ಮೋಡ್ ಬದಲಿಸಿದೊಡನೆ ಪರದೆಯ ಎಲ್ಲ ಮಾತುಗಳೂ ಭಾಷೆ ಬದಲಿಸುತ್ತವೆ. ಎಲ್ಲಿ ಪೆಟ್ಟಿಗೆ ಸಾಲದು, ಎಲ್ಲಿ ಒತ್ತು ಕತ್ತರಿಸುತ್ತದೆ ಎಂಬುದು ಅಲ್ಲೇ ಕಣ್ಣಿಗೆ ಬೀಳುತ್ತದೆ; ಆ್ಯಪು ಹೊರಬಂದ ಮೇಲೆ ಯಾರೋ ಅಜ್ಜ ಕಂಡುಹಿಡಿಯಬೇಕಾಗಿಲ್ಲ.

ಇವೆಲ್ಲದರ ನಡುವೆ ಅವಳ ಎರಡು ನಿಯಮಗಳು ನನಗೆ ತಂತ್ರಾಂಶಕ್ಕಿಂತ ದೊಡ್ಡವಾಗಿ ಕಂಡವು. ಒಂದು: ಅತಿ ಉದ್ದದ ಭಾಷೆಯಲ್ಲಿ ಮೊದಲು ಪರದೆ ಬರೆಯಬೇಕು, ಅದಕ್ಕೆ ಒಗ್ಗಿದ ಪೆಟ್ಟಿಗೆಯಲ್ಲಿ ಇಂಗ್ಲಿಷು ಹಾಯಾಗಿ ಕುಳಿತುಕೊಳ್ಳುತ್ತದೆ. ಎರಡು: ಹಣ, ಔಷಧ, ಪರೀಕ್ಷೆಯ ಫಲಿತಾಂಶ ಇವುಗಳ ವಾಕ್ಯವನ್ನು ಚುಕ್ಕೆ ಹಾಕಿ ಎಂದೂ ಕತ್ತರಿಸಬಾರದು, ಎರಡು ಸಾಲು ಬೇಕಾದರೆ ಎರಡು ಸಾಲು ಕೊಡಬೇಕು. ಸಾಧ್ಯವಾದರೆ ‘ಪಾವತಿ ವಿಫಲ’ ಎಂದು ಫಲವನ್ನು ತಲೆಬರಹದಲ್ಲೇ ಹೇಳಿಬಿಡಬೇಕು. ಕೆಂಪು ಹಸಿರು ಬಣ್ಣವೊಂದನ್ನೇ ನಂಬಬಾರದು. ಆ ಎರಡರ ಭೇದ ಕಾಣದ ಕಣ್ಣುಗಳೂ ಉಂಟು.

ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಈಗ ಈ ಕೆಲಸ ಕಲಿಯುತ್ತಿದ್ದಾರೆ. ಹಣ ತೆರಲಾಗದವರಿಗೆ ಪೆನ್‌ಪಾಟ್ ಎಂಬ ಮುಕ್ತ ತಂತ್ರಾಂಶವೂ ಇದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು ಓದಿದ ಈ ಮಕ್ಕಳು ಮೂರು ಲಿಪಿಗಳ ಉದ್ದಗಲವನ್ನು ಬಲ್ಲವರು. ಒಂದೇ ಭಾಷೆಯ ಊರಿನಲ್ಲಿ ಬೆಳೆದವರಿಗೆ ಪಾಠ ಮಾಡಿ ಕಲಿಸಬೇಕಾದದ್ದು ಇವರಿಗೆ ಅಂಗಳದಿಂದಲೇ ಬಂದಿದೆ. ಗಡಿಯಲ್ಲಿ ಹುಟ್ಟಿದ್ದನ್ನು ನಾವು ಕೊರತೆಯೆಂದೇ ಎಣಿಸಿ ರೂಢಿ. ಈ ಕೆಲಸದಲ್ಲಿ ಅದೇ ಬಂಡವಾಳ. ಅವರು ಬರೆಯುವ ಪರದೆಗಳಲ್ಲಾದರೂ ನಮ್ಮ ಮಾತಿಗೆ ಕೊನೆಯ ಅಕ್ಷರದವರೆಗೆ ಜಾಗ ಸಿಗಲಿ.